ಟ್ಯಾಂಕರ್ ಮಳಿ

ಪಿಚ್ಚರಿನವರು ಬಂದಿದ್ರು, ಹೋದ ವರ್ಷ ಮೇ ತಿಂಗಳು,
ರಾಯಚೂರು ಕಾದ ಹಂಚಾಗಿ ಕುಂತ ಹೊತ್ತಿನಾಗ.
ಸ್ಟೇಷನ್ ಹಿಂದಿನ ನಮ್ಮ ಓಣಿ ಅವರಿಗೆ ಹಿಡಿಸ್ತು,
ಗ್ವಾಡಿ ಬಣ್ಣ ಮಾತ್ರ ಹಿಡಿಸಲಿಲ್ಲ.
ದೀಪಾವಳಿಗೆ ನಾವು ಬಳದಿದ್ದ ತಿಳಿ ಹಸುರು ಕೆರೆದು
ಹೊಗಿ ಹಿಡಿದಂಗ ಕರಿ ಬಳದ್ರು.
ಬಡತನ ಕ್ಯಾಮೆರಾಕ್ಕ ಕಾಣಬೇಕಂತ.

ನನ್ನ ಕರೆದು ದಿನಕ್ಕ ಐನೂರು ಅಂದ್ರು,
ನಾಯಕಿಗೆ ನಿಂದ್ರಾದು ಕಲಿಸಬೇಕು.
ನಿಂತೆ, ದಿನಾ ನಿಂದ್ರೂ ಹಂಗ:
ಕೈಯಾಗ ಪ್ಲಾಸ್ಟಿಕ್ ಚೀಲ, ಅದರಾಗ ಪುಂಡಿಪಲ್ಯ,
ಪೊಲೀಸರು ಕೇಳಿದ್ರ ಹೇಳಾಕ ನಾಲಿಗಿ ತುದಿಗೊಂದು ಊರು,
"ದೇವಸೂಗೂರಿಗೆ ಹೊಂಟೀನ್ರಿ, ಬಸ್ಸು ಬಂದಿಲ್ಲ."
ಡೈರೆಕ್ಟರ್ ನಕ್ಕ.
"ಅಮ್ಮಾ, ನೀವು ಅಂಥವರ ಥರ ಕಾಣೋದೇ ಇಲ್ಲ."
ಇಪ್ಪತ್ತೆರಡು ವರ್ಷದಾಗ ಯಾರೂ ನನಗ
ಇಂಥ ಮಾತು ಆಡಿರಲಿಲ್ಲ.
ಬೈಗಳೋ ಹೊಗಳಿಕಿಯೋ, ಇನ್ನೂ ತಿಳಿದಿಲ್ಲ.

ಆಮ್ಯಾಲೆ ಆ ಹುಡುಗಿಗೆ ಅವರೇ ಕಲಿಸಿದ್ರು,
ಸೊಂಟದ ಮ್ಯಾಲೆ ಕೈ, ಬಾಯಾಗ ಎಲಿ, ಬಾಗಲಿಗೆ ಒರಗು.
ಪಾಪ, ಒಳ್ಳೆ ಹುಡುಗಿ.
ತಂಬಾಕಿಗೆ ತಲಿ ತಿರುಗಿ ವಾಂತಿ ಮಾಡ್ಕೊಂಡ್ಲು,
ನಾನೇ ಬೆನ್ನು ನೀವಿದೆ.
"ಅಕ್ಕಾ, ನಿಮಗೆ ಕಷ್ಟ ಅಂದ್ರೆ ಯಾವುದು?"
ಮೊಣಕಾಲು, ಅಂದೆ.
ಮತ್ತ ಮಗಳ ಸಾಲಿ ಫಾರ್ಮಿನಾಗ ತಂದಿ ಹೆಸರಿನ ಜಾಗಾ.
ಆಕಿ ಬರಕೊಂಡ್ಲು.
ಮೊಣಕಾಲು ಪಿಚ್ಚರಿನಾಗ ಬರಲಿಲ್ಲ.

ಕಥಿ ಕೇಳ್ರಿ: ಮೋಹಿನಿ ಅಂತ ಒಬ್ಬಾಕಿ.
ಒಂದು ರಾತ್ರಿ ಒಬ್ಬ ಬರತಾನ, ಮುಟ್ಟಂಗಿಲ್ಲ,
ಬರೀ ಮಾತಾಡ್ತಾನ, ಮುಂಜಾನಿಮಟ ಅಳತಾನ.
ಉರುಕುಂದಮ್ಮ ಕೇಳಿದ್ಲು, "ರೊಕ್ಕ ಕೊಟ್ಟನೇನು?"
ಅದು ಸ್ಕ್ರಿಪ್ಟಿನಾಗ ಇರಲಿಲ್ಲ.
ಅಲ್ಲಿ ಯಾರೂ ರೊಕ್ಕ ಎಣಸಂಗಿಲ್ಲ,
ಹರಕ ನೋಟು ಬೆಳಕಿಗೆ ಹಿಡಿದು ನೋಡಂಗಿಲ್ಲ,
ದೊಡ್ಡ ದವಾಖಾನಿ ಸಾಲಿನಾಗ ರಕ್ತ ಕೊಡಾಕ ನಿಂದ್ರಂಗಿಲ್ಲ,
ಬ್ಯಾಡ ಅಂತ ಒಬ್ಬಗೂ ಅನ್ನಂಗಿಲ್ಲ.
ನಾವು ಅಂತೀವ್ರಿ. ಕುಡಿದು ಬಂದವಗ ಬಾಗಲಾ ತಗಿಯಂಗಿಲ್ಲ.
ಕಡೀಕ ಹೀರೋಗ ಬೀಳೋ ಗುಂಡು ಆಕಿಗೆ ಬೀಳತೈತಿ.
ಯಾವ ಪಿಚ್ಚರಿನಾಗೂ ನಾವು ಅರವತ್ತು ದಾಟಿಲ್ಲ.
ನಮ್ಮ ಖಾಜಾಬಿಗೆ ಎಪ್ಪತ್ತೊಂದು.
ಮಾಳಿಗಿ ಮ್ಯಾಲೆ ಕುಂತು ಸಂಡಿಗಿ ಹಾಕ್ತಾಳ,
ಸತ್ತಿಲ್ಲ, ಪಶ್ಚಾತ್ತಾಪನೂ ಪಟ್ಟಿಲ್ಲ,
ಹಲ್ಲು ಮಾತ್ರ ಹೋಗ್ಯಾವ.

ಸಾಯೋ ಸೀನಿಗೆ ಮಳಿ ಬೇಕಂತ.
ಮೇ ತಿಂಗಳು, ರಾಯಚೂರು, ಮಳಿ!
ಎರಡು ಟ್ಯಾಂಕರ್ ತಂದು, ಮ್ಯಾಲೆ ಪೈಪು ಕಟ್ಟಿ ಬಿಟ್ರು.
ಆ ಕಡಿ ಕೃಷ್ಣಾ, ಈ ಕಡಿ ತುಂಗಭದ್ರಾ,
ನಮ್ಮ ನಳಕ್ಕ ನೀರು ಬಂದು ಅವತ್ತಿಗೆ ಒಂಬತ್ತು ದಿನ.
ಮೋಹಿನಿ ಬಿದ್ಲು. ರಕ್ತ ಹರೀತು.
ಯಾರು ಮೊದಲು ಓಡಿದ್ರೋ ಗೊತ್ತಿಲ್ಲ,
ಕೊಡ, ಬಕೀಟು, ಬೋಗುಣಿ,
ಖಾಜಾಬಿ ಒಂದು ಚರಿಗಿ ಹಿಡಕೊಂಡು.
"ಕಟ್! ಕಟ್!" ಆತ ಒದರತಾನ.
"ಕಟ್ ಮಾಡಬ್ಯಾಡಪ್ಪೋ, ಇನ್ನ ಅರ್ಧಾ ತುಂಬಿಲ್ಲ!"
ಉರುಕುಂದಮ್ಮ ಒದರತಾಳ.
ಸತ್ತ ಹುಡುಗಿ ಕಣ್ಣು ತಗದು, ನಕ್ಕು ನಕ್ಕು,
ನನ್ನ ಕೊಡ ಪೈಪಿಗೆ ಹಿಡಿದ್ಲು.
ಮೊದಲ ಕೊಡದಾಗ ಕೆಂಪು ಕೂಡಿತ್ತು,
ಬಚ್ಚಲಕ್ಕ ಇಟ್ಟೆ.

ಮೊನ್ನೆ ಟಿವಿಯಾಗ ಹಾಕಿದ್ರು.
ಮಗಳ ಜೋಡಿ ಕುಂತು ನೋಡಿದೆ, ಇಬ್ಬರೂ ಮಾತಾಡಲಿಲ್ಲ.
ಜಾಹೀರಾತು ಬಂದಾಗ ಆಕಿ ಎದ್ದು ನೀರು ಕುಡದು ಬಂದ್ಲು.
ಮೋಹಿನಿ ಬೀಳೋ ಹೊತ್ತಿಗೆ, ಪರದೆ ಮೂಲ್ಯಾಗ,
ಕಣ್ಣು ಮಿಟುಕಿಸೋದರಾಗ, ಹಸುರು ಕೊಡದ ಬಾಯಿ,
ಹಿಡಿದ ಒಂದು ಕೈ, ಎರಡು ಬಳಿ.
"ಅವ್ವಾ, ನೀ!" ಅಂದ್ಲು.
ಹೌದು, ಅಂದೆ.
ಅಷ್ಟರಾಗ ಮತ್ತ ಮೋಹಿನಿ ಮುಖ ಬಂತು, ಬಾಳ ಹೊತ್ತು ಇತ್ತು.

ಗ್ವಾಡಿ ಇನ್ನೂ ಕರ್ರಗೈತಿ.
ಹಸುರು ಬಳೀಬೇಕು.
ಡಬ್ಬಿಗೆ ಈಗ ಎಷ್ಟಾಗೇತೋ ಏನೋ.